ಒಪ್ಪೊತ್ತಿನ ಮಾತ್ರೆ

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೆಲನೆಲ್ಲಿ ಅರೆಯುವ ವಾಸನೆ ಬಂತು. ಹಸಿ ಹುಲ್ಲಿನದೂ ಅಲ್ಲ, ಬೇವಿನದೂ ಅಲ್ಲ, ಮೂಗಿನ ಹಿಂದೆ ಹೋಗಿ ಕೂರುವ ಒಂದು ಕಹಿ ವಾಸನೆ. ಸಾಗರದ ನಮ್ಮ ಈ ಬೀದಿಯಲ್ಲಿ ಮಿಕ್ಸಿಯ ಸದ್ದು ಕೇಳುತ್ತದೆಯೇ ಹೊರತು ಕಲ್ಲಿನಲ್ಲಿ ಸೊಪ್ಪು ಅರೆಯುವ ಸದ್ದು ಕೇಳಿ ಎಷ್ಟೋ ಕಾಲವಾಗಿತ್ತು. ಇಣುಕಿ ನೋಡಿದರೆ ಪಕ್ಕದ ಮನೆಯಾಕೆ. ಮಗನಿಗೆ ಕಾಮಾಲೆಯಂತೆ, ಮಜ್ಜಿಗೆಯಲ್ಲಿ ಕದಡಿ ಕುಡಿಸಬೇಕಂತೆ. ನಾನು ಒಲೆಯ ಮೇಲಿಟ್ಟ ಹಾಲನ್ನು ಮರೆತು ನಿಂತುಬಿಟ್ಟೆ. ಹಾಲು ಉಕ್ಕಿತು, ಸೊಸೆ ಗೊಣಗಿದಳು. ನನ್ನ ಕಣ್ಣ ಮುಂದೆ ಇದ್ದವರು ನರ್ಸಮ್ಮ.

ಅರವತ್ತರ ದಶಕದ ನಡುವಿನ ಮಾತು. ಆಗ ನಾವಿದ್ದದ್ದು ಹೊಸನಗರದ ಕಡೆಯ ಒಂದು ಸಣ್ಣ ಊರಿನಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯಲ್ಲಿ. ಅಪ್ಪಯ್ಯ ಬಸ್ ಏಜೆಂಟರು. ಸಾಗರ, ತೀರ್ಥಹಳ್ಳಿ, ಶಿವಮೊಗ್ಗದ ಬಸ್ಸುಗಳಿಗೆ ಟಿಕೆಟ್ ಹರಿಯುವುದು, ಪಾರ್ಸೆಲ್ ಇಳಿಸಿಕೊಳ್ಳುವುದು, ಬಸ್ಸು ತಡವಾದರೆ ಜನರಿಂದ ಬೈಸಿಕೊಳ್ಳುವುದು ಅವರ ಕೆಲಸ. ಹೊರಗೆ ಬೈಸಿಕೊಂಡದ್ದನ್ನು ಮನೆಗೆ ಬಂದು ನಮಗೆ ಹಂಚುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಮದುವೆಯೋ ಮೇಷ್ಟ್ರ ಕೆಲಸವೋ, ಯಾವುದು ಮೊದಲು ಬರುತ್ತದೋ ನೋಡೋಣವೆಂದು ಮನೆಯವರು ಕಾಯುತ್ತಿದ್ದರು.

ಅಮ್ಮನಿಗೆ ಎದೆಯ ಕಾಯಿಲೆ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯಕ್ಕೆ ಪೆಟ್ಟಾಗಿದೆ ಎಂದು ಡಾಕ್ಟರು ಹೇಳಿದ್ದರು. ಆ ವರ್ಷ ಅವಳ ಕಾಲು ಊದಿಕೊಂಡಿತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುವ ಹಾಗಾದಾಗ ಊರಿನ ಆಸ್ಪತ್ರೆಗೆ ಸೇರಿಸಿದೆವು. ಆಸ್ಪತ್ರೆಯೆಂದರೆ ನಾಲ್ಕಾರು ಮಂಚ, ಒಬ್ಬರು ಡಾಕ್ಟರು, ಒಬ್ಬ ಕಾಂಪೌಂಡರು, ಮತ್ತೆ ನರ್ಸಮ್ಮ.

ನರ್ಸಮ್ಮ ಘಟ್ಟದ ಕೆಳಗಿನವರು, ಕ್ರಿಶ್ಚಿಯನ್ನರು. ಮನೆಮಾತು ಕೊಂಕಣಿ. ಕನ್ನಡವನ್ನು ಶಾಲೆಯಲ್ಲಿ ಕಲಿತದ್ದರಿಂದ ಅವರ ಮಾತು ಪಾಠ ಓದಿದ ಹಾಗೆ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಇರುತ್ತಿತ್ತು. ಊರಿನ ಹೆಂಗಸರು ಅವರ ಬೆನ್ನ ಹಿಂದೆ ಅದನ್ನೇ ಅಣಕಿಸಿ ನಗುತ್ತಿದ್ದರು. ನಾನೂ ಅಣಕಿಸಿದ್ದೇನೆ. ಅವರಿಗೆ ಅದು ಗೊತ್ತಿತ್ತೋ ಏನೋ, ನಮ್ಮ ಮಾತು ಕಲಿಯಬೇಕೆಂದು ಬಹಳ ಆಸೆಪಡುತ್ತಿದ್ದರು. ಹೊಸ ಮಾತೊಂದು ಕಿವಿಗೆ ಬಿದ್ದರೆ ಅವತ್ತೇ ಯಾರ ಮೇಲಾದರೂ ಪ್ರಯೋಗಿಸಿ, ಸರಿಯಾಯಿತೇ ಎಂದು ಮುಖ ನೋಡುತ್ತಿದ್ದರು.

ಅಮ್ಮನಿಗೆ ದಿನಕ್ಕೊಂದು ಪುಟ್ಟ ಬಿಳಿ ಮಾತ್ರೆ. ಅದನ್ನು ಕೊಡುವ ಮುಂಚೆ ನರ್ಸಮ್ಮ ಮಂಚದ ಪಕ್ಕ ಕುಳಿತು, ಅಮ್ಮನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ತಮ್ಮ ಎದೆಯ ಮೇಲೆ ತಲೆಕೆಳಗಾಗಿ ತೂಗುತ್ತಿದ್ದ ಗಡಿಯಾರ ನೋಡುತ್ತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅಷ್ಟು ಹೊತ್ತು ಯಾರು ಕರೆದರೂ ಓಗೊಡುತ್ತಿರಲಿಲ್ಲ. ಡಾಕ್ಟರು ಕರೆದರೂ ಇಲ್ಲ.

"ನರ್ಸಮ್ಮನ ಜಪ ಮುಗೀತಾ?" ಎಂದು ಅಮ್ಮ ಛೇಡಿಸುವಳು.

"ಜಪವೇ ಅಮ್ಮ," ಎನ್ನುವರು ಅವರು. "ಈ ಮಾತ್ರೆ ಉಪ್ಪಿನ ಹಾಗೆ. ಕಡಿಮೆ ಆದರೂ ಆಗುದಿಲ್ಲ, ಹೆಚ್ಚಾದರೂ ಆಗುದಿಲ್ಲ. ನಾಡಿ ಅರವತ್ತಕ್ಕಿಂತ ಕೆಳಗೆ ಇಳಿದರೆ ನಾನು ಕೊಡುವವಳಲ್ಲ. ಡಾಕ್ಟರು ಬಂದು ನೋಡಬೇಕು."

ಮಾತ್ರೆ ಕೊಟ್ಟ ಮೇಲೂ ಅವರು ಹೋಗುತ್ತಿರಲಿಲ್ಲ. ಬಾಯಿ ತೆರೆಸಿ ನೋಡುವರು. ಹಸಿವು ಉಂಟಾ, ವಾಕರಿಕೆ ಉಂಟಾ, ಕಣ್ಣು ಸರಿ ಕಾಣುತ್ತದಾ ಎಂದು ದಿನವೂ ಅದೇ ಪ್ರಶ್ನೆ. ಎದೆಯ ಮಾತ್ರೆಗೂ ಕಣ್ಣಿಗೂ ಏನು ಸಂಬಂಧವೋ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಕಾಲಿನ ಊತ ಇಳಿಯಿತು. ಅಮ್ಮ ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದ ದಿನ ಅಪ್ಪಯ್ಯ ಆಸ್ಪತ್ರೆಯವರಿಗೆಲ್ಲ ಹೋಟೆಲಿನಿಂದ ಕಾಫಿ ತರಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ಅದೇ ಮಾತ್ರೆ ಮುಂದುವರಿಸಬೇಕು, ವಾರದಲ್ಲಿ ಒಂದು ದಿನ ಮಾತ್ರ ಬಿಡಬೇಕು ಎಂದು ನರ್ಸಮ್ಮನಿಗೆ ಹೇಳಿ ಹೋದರು. ಬಿಡುವ ದಿನ ಯಾವುದೆಂದು ಅಮ್ಮನಿಗೆ ನೆನಪಿರಬೇಕಲ್ಲ. ಅಮ್ಮ ಶನಿವಾರ ಒಪ್ಪೊತ್ತು ಇರುವವಳು. ಆಸ್ಪತ್ರೆಯ ಮಂಚದ ಮೇಲೂ ಬಿಟ್ಟಿರಲಿಲ್ಲ. ಶನಿವಾರ ರಾತ್ರಿ ಊಟದ ತಟ್ಟೆ ತಿರುಗಿ ಹೋಗುವುದನ್ನು ನರ್ಸಮ್ಮ ನೋಡಿದ್ದರು, ಕಾರಣ ಕೇಳಿ ಆ ಮಾತನ್ನೂ ಕಲಿತಿದ್ದರು. ಕಲಿತ ಮಾತನ್ನು ಆಡುವ ಖುಷಿಯಲ್ಲಿ ಹೇಳಿದರು:

"ಊಟ ಆದ ಮೇಲೆ ಒಂದು ಮಾತ್ರೆ ಅಮ್ಮ. ಶನಿವಾರ ನಿಮಗೆ ಒಪ್ಪೊತ್ತು ಅಲ್ವಾ, ಅವತ್ತು ಮಾತ್ರೆಗೂ ಒಪ್ಪೊತ್ತು. ತಪ್ಪಿಸಬಾರದು, ಆಯ್ತಾ?"

ಅಮ್ಮ ನಕ್ಕಳು. "ಮಾತ್ರೆಗೂ ಒಪ್ಪೊತ್ತು, ಆಗ್ಲಿ ನರ್ಸಮ್ಮ," ಎಂದಳು. ಎಷ್ಟು ಚೆನ್ನಾಗಿ ನಮ್ಮ ಮಾತು ಕಲಿತರು ನೋಡು ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಳು.

ವಾರಕ್ಕೊಮ್ಮೆ ಬಂದು ನಾಡಿ ತೋರಿಸಬೇಕೆಂದಿತ್ತು. ಆದರೆ ಅದೇ ವಾರ ನರ್ಸಮ್ಮ ತಂಗಿಯ ಮದುವೆಗೆಂದು ರಜೆ ಹಾಕಿ ಘಟ್ಟ ಇಳಿದರು. ಅವರಿಲ್ಲದ ಆಸ್ಪತ್ರೆಗೆ ಹೋಗಲು ಅಮ್ಮನಿಗೆ ಮನಸ್ಸಿಲ್ಲ. ಮಾತ್ರೆಯ ಬಾಟ್ಲಿಯನ್ನು ಅಪ್ಪಯ್ಯ ಶಿವಮೊಗ್ಗದಿಂದ ಬಸ್ಸಿನ ಡ್ರೈವರ ಕೈಲಿ ತರಿಸಿದ್ದರು. ದೊಡ್ಡ ಬಾಟ್ಲಿ, ತಿಂಗಳಾನುಗಟ್ಟಲೆ ಸಾಕಾಗುವಷ್ಟು. ಅಮ್ಮ ಅದನ್ನು ದೇವರ ಗೂಡಿನ ಪಕ್ಕ ಇಟ್ಟುಕೊಂಡು ತಾನೇ ತೆಗೆದುಕೊಳ್ಳುತ್ತಿದ್ದಳು. ಯಾರೂ ನೆನಪಿಸಬೇಕಾಗಿರಲಿಲ್ಲ.

ಮೊದಲು ಊಟ ಸೇರದಾಯಿತು. ಬೆಳಿಗ್ಗೆ ಎದ್ದರೆ ವಾಕರಿಕೆ. ಬಿಸಿಲಿಗೆ ಪಿತ್ತ ಏರಿರಬೇಕು ಎಂದು ಜೀರಿಗೆ ಕಷಾಯ ಮಾಡಿಕೊಟ್ಟೆ. ಒಂದು ದಿನ ಮಧ್ಯಾಹ್ನ ಬಡಿಸಿದಾಗ ಅಮ್ಮ ತಟ್ಟೆಯನ್ನೇ ದಿಟ್ಟಿಸುತ್ತ ಕೂತಳು.

"ಅನ್ನಕ್ಕೆ ಅರಿಶಿನ ಹಾಕಿದ್ಯೇನೇ?"

ಹಾಕಿರಲಿಲ್ಲ. ಹಾಗೆಂದರೆ ಒಪ್ಪಲಿಲ್ಲ. ಸುಣ್ಣದ ಗೋಡೆಯೂ ಹಳದಿ, ಅಪ್ಪಯ್ಯನ ಪಂಚೆಯೂ ಹಳದಿ. ಹಳದಿ ಕಂಡಿತೆಂದ ಮೇಲೆ ನಮ್ಮಲ್ಲಿ ಇನ್ನು ಕೇಳುವುದೇನಿದೆ... ಕಾಮಾಲೆ. ಅಪ್ಪಯ್ಯ, ಎದುರು ಮನೆಯ ಅಜ್ಜಿ, ಬಸ್ಸಿನ ಕ್ಲೀನರ್, ಎಲ್ಲರ ಬಾಯಲ್ಲೂ ಅದೇ. ಕನ್ನಡ ಮಾತಾಡುವ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಹುಂಚದ ಹತ್ತಿರದ ಹಳ್ಳಿಯೊಂದರಲ್ಲಿ ಕಾಮಾಲೆಗೆ ಔಷಧಿ ಕೊಡುವ ಅಜ್ಜನೊಬ್ಬರಿದ್ದರು. ಅಪ್ಪಯ್ಯ ಬೆಳಗಿನ ಬಸ್ಸಿಗೆ ಹೋಗಿ, ಹೊತ್ತು ಇಳಿಯುವ ಮುಂಚೆ ನೆಲನೆಲ್ಲಿಯ ಕಟ್ಟು ಹಿಡಿದು ಬಂದರು. ಎಣ್ಣೆ, ಖಾರ ಕೂಡದು, ಇಂಗ್ಲಿಷ್ ಮಾತ್ರೆ ಯಾವುದಿದ್ದರೂ ಬಿಡಬೇಕು ಎಂದು ಆ ಅಜ್ಜ ಹೇಳಿದ್ದರಂತೆ. ಪಥ್ಯಕ್ಕೆಲ್ಲ ಅಮ್ಮ ಒಪ್ಪಿದಳು. ಮಾತ್ರೆ ಬಿಡುವುದಕ್ಕೆ ಮಾತ್ರ ಒಪ್ಪಲಿಲ್ಲ.

"ನರ್ಸಮ್ಮ ತಪ್ಪಿಸ್ಬೇಡಿ ಅಂದಿದಾರೆ. ಅವ್ರು ಬಂದು ಬಿಡಿ ಅನ್ಲಿ, ಬಿಡ್ತೀನಿ."

ಆ ಅಜ್ಜನಿಗೆ ಕಾಯಿಲೆ ಯಾವುದೆಂದು ಗೊತ್ತಿರಲಿಲ್ಲ. ಆದರೂ ಅವರ ಮಾತು ಕೇಳಿದ್ದರೆ ಅಮ್ಮನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅವಳನ್ನು ಸಾವಿನ ಬಾಗಿಲಿಗೆ ಒಯ್ದದ್ದು ನರ್ಸಮ್ಮನ ಮೇಲಿನ ನಂಬಿಕೆ. ಇದನ್ನು ಬರೆಯುವಾಗಲೂ ನನಗೆ ಕಷ್ಟವಾಗುತ್ತದೆ.

ನಾನು ದಿನವೂ ಸೊಪ್ಪು ಅರೆದೆ, ಅಮ್ಮ ಕುಡಿದಳು, ಮೇಲಿಂದ ಮಾತ್ರೆಯನ್ನೂ ನುಂಗಿದಳು. ಮನೆ ತುಂಬ ಆ ಕಹಿ ವಾಸನೆ. ಕೊನೆಕೊನೆಗೆ ಅವಳಿಗೆ ಕೂತಲ್ಲಿಂದ ಏಳಲು ಆಗುತ್ತಿರಲಿಲ್ಲ. ಎದ್ದರೆ ಕಣ್ಣು ಕತ್ತಲೆ.

ನರ್ಸಮ್ಮ ರಜೆ ಮುಗಿಸಿ ಬಂದವರು ಅಮ್ಮ ಒಮ್ಮೆಯೂ ನಾಡಿ ತೋರಿಸಲು ಬಂದಿಲ್ಲವೆಂದು ತಿಳಿದು, ಅವತ್ತೇ ಬೆಳಿಗ್ಗೆ ನಮ್ಮ ಮನೆಗೆ ನಡೆದು ಬಂದರು. ಕೈಯಲ್ಲಿ ಮದುವೆಯ ಸಿಹಿ ತಿಂಡಿಯ ಪೊಟ್ಟಣ. ಬಾಗಿಲಲ್ಲೇ ನಾನು, "ಅಮ್ಮಂಗೆ ಕಾಮಾಲೆ, ಎಲ್ಲಾ ಹಳದಿ ಕಾಣ್ತದೆ," ಎಂದೆ. ಅವರು ಚಪ್ಪಲಿ ಬಿಡುತ್ತಿದ್ದವರು ನಿಂತರು.

"ಅಮ್ಮನಿಗೆ ಹಳದಿ ಕಾಣುವುದಾ? ಇಲ್ಲ ಅಮ್ಮ ಹಳದಿ ಕಾಣುವುದಾ?"

ಇಷ್ಟು ದಿನ ನಾವ್ಯಾರೂ ಕೇಳದ ಪ್ರಶ್ನೆ. ಒಳಗೆ ಹೋಗಿ ಅಮ್ಮನ ಕೆಳರೆಪ್ಪೆ ಎಳೆದು ನೋಡಿದರು. ಕಣ್ಣು ಬೆಳ್ಳಗೇ ಇತ್ತು. ಉಗುರು ನೋಡಿದರು. ಆಮೇಲೆ ಮಣಿಕಟ್ಟು ಹಿಡಿದರು. ಎಂದಿನ ಹಾಗೆ ತುಟಿ ಅಲ್ಲಾಡತೊಡಗಿತು. ಒಮ್ಮೆ ಅಲ್ಲಾಡಿ ನಿಲ್ಲುವುದು... ಬಹಳ ಹೊತ್ತಿನ ಮೇಲೆ ಮತ್ತೊಮ್ಮೆ. ನಾನು ಆ ತುಟಿಯನ್ನೇ ನೋಡುತ್ತಿದ್ದೆ.

"ಮಾತ್ರೆ ಹೇಗೆ ತಗೊಳ್ತೀರಿ, ಹೇಳಿ ಅಮ್ಮ," ಎಂದರು ಕೈ ಬಿಡದೆ.

"ನೀವ್ ಹೇಳಿದ್ ಹಾಗೇ ನರ್ಸಮ್ಮ. ಊಟ ಆದ್ಮೇಲೆ ಒಂದು. ಮಧ್ಯಾಹ್ನ ಒಂದು, ರಾತ್ರಿ ಒಂದು. ಶನಿವಾರ ಒಪ್ಪೊತ್ತಲ್ಲ, ಅವತ್ತು ಒಂದೇ."

ನರ್ಸಮ್ಮನಿಗೆ ಅರ್ಥವಾಗಲಿಲ್ಲ. "ಒಪ್ಪೊತ್ತು ಅಂದರೆ ಉಪವಾಸ ಅಲ್ವಾ? ಏನೂ ತಿನ್ನುದಿಲ್ಲ ಅಲ್ವಾ?"

ಅಷ್ಟು ಸುಸ್ತಿನಲ್ಲೂ ಅಮ್ಮನಿಗೆ ನಗು ಬಂತು. "ಅಯ್ಯೋ ಮಾರಾಯ್ತಿ, ಉಪವಾಸ ಬೇರೆ. ಒಪ್ಪೊತ್ತು ಅಂದ್ರೆ ಒಂದ್ ಹೊತ್ತು ಉಣ್ಣೋದು."

ನರ್ಸಮ್ಮ ಅಮ್ಮನ ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ದಿನಕ್ಕೆ ಒಂದು, ಶನಿವಾರ ಇಲ್ಲ ಎಂದು ಅವರು ಹೇಳಿದ್ದರು. ಆಸ್ಪತ್ರೆಯಲ್ಲಿ ದಿನಕ್ಕೊಂದೇ ಇದ್ದರೂ, ಮನೆಯಲ್ಲಿ ದಿನಕ್ಕೆ ಎರಡು, ಶನಿವಾರ ಒಂದು ಎಂದು ಅಮ್ಮ ಕೇಳಿಸಿಕೊಂಡಿದ್ದಳು. ಇಬ್ಬರ ಬಾಯಲ್ಲೂ ಇದ್ದದ್ದು ಒಂದೇ ಮಾತು, ಇಬ್ಬರೂ ಅದಕ್ಕೆ ನಕ್ಕಿದ್ದರು. ಎದೆಯನ್ನು ಬಲಪಡಿಸುವ ಮಾತ್ರೆ ಹೆಚ್ಚಾದರೆ ಅದೇ ಎದೆಯನ್ನು ಹಿಡಿದು ನಿಲ್ಲಿಸುತ್ತದೆ. ಕಣ್ಣಿಗೆ ಹಳದಿ ಕಾಣುವುದು ಅದು ಕೊಡುವ ಎಚ್ಚರಿಕೆ. ಅವರು ದಿನವೂ ಕಣ್ಣು ಸರಿ ಕಾಣುತ್ತದಾ ಎಂದು ಕೇಳುತ್ತಿದ್ದದ್ದು ಇದಕ್ಕೇ.

ನರ್ಸಮ್ಮ ಎದ್ದು ದೇವರ ಗೂಡಿನ ಪಕ್ಕದ ಬಾಟ್ಲಿಯನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಮ್ಮನನ್ನು ಮಂಚದ ಸಮೇತ ಹೊರಿಸಿ ಆಸ್ಪತ್ರೆಗೆ ತರಿಸಿದರು, ಅವಳಿಗೆ ಒಂದು ಹೆಜ್ಜೆಯನ್ನೂ ಇಡಗೊಡಲಿಲ್ಲ. ಡಾಕ್ಟರು ಅವತ್ತು ಸಿಡುಬಿನ ಚುಚ್ಚುಮದ್ದು ಹಾಕಲು ಹಳ್ಳಿಗೆ ಹೋಗಿದ್ದರು. ಅಪ್ಪಯ್ಯ ಆ ದಾರಿಯ ಬಸ್ಸಿನ ಕಂಡಕ್ಟರ ಹತ್ತಿರ ಹೇಳಿ ಕಳಿಸಿ, ಆಸ್ಪತ್ರೆಯ ಜಗಲಿಯಲ್ಲಿ ಶತಪಥ ಹಾಕತೊಡಗಿದರು. ಮಾತ್ರೆ ತಪ್ಪಿಸಬಾರದು ಎಂದಿದ್ದವರು ನರ್ಸಮ್ಮನೇ ಎಂದು ಅವರಿಗೆ ನೆನಪಿತ್ತು. ಈಕೆ ಬಾಟ್ಲಿಯನ್ನೇ ಕಿತ್ತುಕೊಂಡಿದ್ದಾರಲ್ಲ ಎಂದು ಅನುಮಾನ. ನರ್ಸಮ್ಮ ಅಮ್ಮನ ಕೈ ಹಿಡಿದು ಕೂತವರು, ಡಾಕ್ಟರು ಬರುವವರೆಗೂ ಬಿಡಲಿಲ್ಲ.

ಡಾಕ್ಟರು ಮಧ್ಯಾಹ್ನದ ಬಸ್ಸಿಗೆ ಬಂದರು. ನೋಡಿದರು. "ಮಾತ್ರೆ ನಿಲ್ಸಿದ್ದು ಸರಿ," ಎಂದು ಒಂದು ಇಂಜೆಕ್ಷನ್ ಕೊಟ್ಟರು. ಆಮೇಲೆ ಅಪ್ಪಯ್ಯನನ್ನು ಹೊರಗೆ ಕರೆದು, ಒಳಗೆ ಸೇರಿದ ಔಷಧಿ ತಾನಾಗಿ ಇಳಿಯಬೇಕು, ಅದನ್ನು ಹೊರಗೆ ತೆಗೆಯುವ ದಾರಿ ತಮ್ಮ ಹತ್ತಿರ ಇಲ್ಲ, ಇಳಿಯುವಷ್ಟರಲ್ಲಿ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು ಎಂದು ಮೆಲ್ಲಗೆ ಹೇಳಿದರು. ನಾನು ಬಾಗಿಲ ಬಳಿಯೇ ಇದ್ದೆ. ಆಗ ನರ್ಸಮ್ಮ ಹೊರಗೆ ಬಂದು ಇಬ್ಬರ ಎದುರಿಗೂ ನಿಂತರು.

"ತಪ್ಪು ನನ್ನ ಬಾಯಿಂದ ಆದದ್ದು ಡಾಕ್ಟರೇ. ಅಮ್ಮ ನಾನು ಹೇಳಿದ ಹಾಗೇ ಮಾಡಿದ್ದಾರೆ. ನಾನು ಅರ್ಥ ಗೊತ್ತಿಲ್ಲದ ಮಾತು ಆಡಿದೆ."

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಓದು ಬಾರದ ಹೆಂಗಸು ತಪ್ಪಾಗಿ ನುಂಗಿದಳು ಎಂದರೆ ಎಲ್ಲರೂ ನಂಬುತ್ತಿದ್ದರು, ಅಪ್ಪಯ್ಯನೇ ಮೊದಲು ನಂಬುತ್ತಿದ್ದರು. ಡಾಕ್ಟರು ತಲೆ ತಗ್ಗಿಸಿದರು. ತಾವೂ ಒಮ್ಮೆ ಅಮ್ಮನನ್ನು ಕೇಳಬಹುದಿತ್ತು ಎಂದರು. ಅಪ್ಪಯ್ಯ ಮಾತ್ರ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ನಾಲಿಗೆ ನೆಟ್ಟಗೆ ಹೊರಳದೇ ಇರೋರಿಗೆ ಔಷಧಿ ಕೊಡೋ ಕೆಲ್ಸ ಯಾರು ಕೊಟ್ರು?"

ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ನರ್ಸಮ್ಮ ಒಳಗೆ ಹೋಗಿ ಮತ್ತೆ ಅಮ್ಮನ ಕೈ ಹಿಡಿದರು.

ಆ ದಿನಗಳು ಹೇಗೆ ಕಳೆದವೋ. ನರ್ಸಮ್ಮ ನನಗೂ ನಾಡಿ ಹಿಡಿಯಲು ಕಲಿಸಿದರು, ತಾವು ಬೇರೆ ರೋಗಿಗಳ ಕಡೆ ಹೋದಾಗ ಅಮ್ಮನ ಕೈ ಒಬ್ಬರ ಹಿಡಿತದಲ್ಲಿರಲಿ ಎಂದು. ನಾನು ಹೆಬ್ಬೆರಳಿಟ್ಟು ಒತ್ತಿ ಹಿಡಿದೆ. ಅವರು ನನ್ನ ಬೆರಳನ್ನು ಬಿಡಿಸಿದರು.

"ಹೆಬ್ಬೆರಳು ಇಡಬಾರದು. ಅದಕ್ಕೆ ಅದರದ್ದೇ ಮಿಡಿತ ಉಂಟು. ನಿನ್ನದನ್ನೇ ಎಣಿಸಿ ಅಮ್ಮನದು ಅಂದುಕೊಳ್ತೀ."

ಮೂರು ಬೆರಳಿಟ್ಟೆ. ಬೆರಳ ತುದಿಯಲ್ಲಿ ಅಮ್ಮ ಬರುವಳು, ಹೋಗುವಳು, ಬರುವಳು... ಒಂದು ಬಡಿತದಿಂದ ಇನ್ನೊಂದಕ್ಕೆ ಎಷ್ಟು ದೂರವಿತ್ತೋ.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಅಮ್ಮ ಬಟ್ಟಲು ಬಗ್ಗಿಸಿ ನೋಡಿ, "ಅನ್ನ ಬೆಳ್ಳಗಾಯ್ತು ಕಣೇ," ಎಂದಳು. ನಾನು ಜೋರಾಗಿ ಅತ್ತುಬಿಟ್ಟೆ. ನರ್ಸಮ್ಮ ಕಿಟಕಿಯ ಕಡೆ ತಿರುಗಿ ನಿಂತು ಸೆರಗಿನಲ್ಲಿ ಆ ಗಡಿಯಾರದ ಗಾಜನ್ನು ಬಹಳ ಹೊತ್ತು ಒರೆಸಿದರು.

ಮತ್ತೆ ಮಾತ್ರೆ ಶುರುಮಾಡುವಾಗ ಅಪ್ಪಯ್ಯ ತಾವೇ ಕೊಡುತ್ತೇನೆಂದರು. ಅಮ್ಮ ಬಾಯಿ ತೆರೆಯಲಿಲ್ಲ. "ಅವ್ರ ಕೈಯಿಂದಾದ್ರೆ ತಗೊಳ್ತೀನಿ. ಅವ್ರೊಬ್ರದ್ದೇ ತಪ್ಪಾ? ಮಾತು ಚಂದ ಅಂತ ನಕ್ಕೆ, ಎಂತ ಅಂತ ಕೇಳ್ಲಿಲ್ಲ ನಾನು," ಎಂದಳು. ನರ್ಸಮ್ಮ ಬಂದರು. ಈ ಸಲ ಮಾತ್ರೆ, ದಿನ, ಹೊತ್ತು ಎಲ್ಲ ಹೇಳಿ ಮುಗಿಸಿ, ಅಮ್ಮನ ಎದುರು ಕೂತು, "ಈಗ ನೀವು ಹೇಳಿ, ನಾನು ಕೇಳ್ತೇನೆ," ಎಂದರು.

ಅಲ್ಲಿಂದ ಮುಂದೆ ಆ ಆಸ್ಪತ್ರೆಯಲ್ಲಿ ಅದೇ ಪದ್ಧತಿಯಾಯಿತು. ಕೆಮ್ಮಿನ ಔಷಧಿಗೆ ಬಂದವರೂ ಒಪ್ಪಿಸಿಯೇ ಹೋಗಬೇಕು. ಬೆಳಿಗ್ಗೆ ಅಂದರೆ ತಿಂಡಿಗೆ ಮೊದಲಾ ಆಮೇಲಾ, ಯಾವ ಯಾವ ದಿನ ಊಟ ಬಿಡುತ್ತೀರಿ, ಬಿಟ್ಟ ದಿನ ಮಾತ್ರೆ ಏನು ಮಾಡುತ್ತೀರಿ. ಸಾಲು ಉದ್ದವಾಗುತ್ತಿತ್ತು, ಕಾಂಪೌಂಡರು ಸಿಡಿಮಿಡಿಗೊಳ್ಳುತ್ತಿದ್ದರು. ನರ್ಸಮ್ಮನ ಮಗ್ಗಿ ಕ್ಲಾಸು ಎಂದು ಊರವರು ಹೆಸರಿಟ್ಟರು. ಅವರು ಮತ್ತೆಂದೂ ನಮ್ಮ ಹೊಸ ಮಾತು ಕಲಿತು ಆಡಲಿಲ್ಲ. ಅದೊಂದು ನನಗೆ ನೋವು. ಬರೀ ಶಾಲೆಯ ಕನ್ನಡದಲ್ಲೇ, ಒಂದೊಂದನ್ನೂ ತೂಗಿ ಮಾತಾಡುತ್ತಿದ್ದರು.

ಕೆಲವು ಕಾಲದ ಮೇಲೆ ಅವರಿಗೆ ತೀರ್ಥಹಳ್ಳಿಗೆ ವರ್ಗವಾಯಿತು. ಬಸ್ ಹತ್ತಿಸಲು ಅಮ್ಮನೂ ನಾನೂ ಹೋಗಿದ್ದೆವು. ಟಿಕೆಟ್ ಹರಿದು ಕೊಟ್ಟವರು ಅಪ್ಪಯ್ಯನೇ. ಮುಂದಿನ ಸೀಟು ಕೊಟ್ಟರು, ಪೆಟ್ಟಿಗೆಯನ್ನು ತಾವೇ ಮೇಲೆ ಹಾಕಿಸಿದರು. ಮಾತು ಮಾತ್ರ ಆಡಲಿಲ್ಲ. ಬಸ್ಸು ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದರು.

ನನಗೆ ಮೇಷ್ಟ್ರ ಕೆಲಸವೇ ಮೊದಲು ಬಂತು, ಆಮೇಲೆ ಮದುವೆ. ಅಮ್ಮ ನನ್ನ ಮಗನನ್ನು ಎತ್ತಿ ಆಡಿಸುವಷ್ಟು ಕಾಲ ಬದುಕಿದಳು. ಆ ಮಗುವನ್ನು ಅಮ್ಮನ ಮಡಿಲಲ್ಲಿ ನೋಡಿದ ದಿನ ಅಪ್ಪಯ್ಯನಿಗೆ ಏನನ್ನಿಸಿತೋ. ಮರುದಿನ ಒಂದು ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಹಾಕಿಸಿಕೊಂಡು ತೀರ್ಥಹಳ್ಳಿಯ ಬಸ್ ಹತ್ತಿದರು. ಸಂಜೆ ಡಬ್ಬಿಯೊಂದಿಗೇ ತಿರುಗಿ ಬಂದರು. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸಮ್ಮನನ್ನು ಕಾಣಬೇಕು ಎಂದರಂತೆ. ಯಾವ ನರ್ಸು, ಹೆಸರೇನು ಎಂದು ಕೇಳಿದರಂತೆ. ಅಪ್ಪಯ್ಯನಿಗೆ ಹೆಸರು ಗೊತ್ತಿರಲಿಲ್ಲ. ಗಡಿಯಾರ ನೋಡಿಕೊಂಡು ಜಪ ಮಾಡುವವರು ಎಂದಾಗ ಯಾರೋ ಹಳಬರು ಗುರುತು ಹಿಡಿದು, ಅವರು ಕೆಲಸ ಬಿಟ್ಟು ಘಟ್ಟದ ಕೆಳಗೆ ಹೋದರಲ್ಲ ಎಂದರಂತೆ. ಯಾವ ಊರು ಎಂದು ಅವರಿಗೂ ಗೊತ್ತಿಲ್ಲ.

"ನಿಂಗಾದ್ರೂ ಗೊತ್ತಿತ್ತೇನೇ ಹೆಸ್ರು?" ಎಂದು ಅಪ್ಪಯ್ಯ ಅಮ್ಮನನ್ನು ಕೇಳಿದರು. ಅಮ್ಮನಿಗೂ ಗೊತ್ತಿರಲಿಲ್ಲ. ನನಗೂ. ಎಲ್ಲವನ್ನೂ ನಮ್ಮಿಂದ ಹೇಳಿಸಿ ಕೇಳಿದವರ ಹೆಸರನ್ನು ನಾವ್ಯಾರೂ ಕೇಳಿರಲಿಲ್ಲ. ಆ ಡಬ್ಬಿಯ ಮಿಠಾಯಿಯನ್ನು ಮನೆಯಲ್ಲಿ ಯಾರಿಗೂ ತಿನ್ನಲು ಮನಸ್ಸಾಗಲಿಲ್ಲ.

ಅಮ್ಮ ಹೋದದ್ದು ನನ್ನ ಮನೆಯಲ್ಲೇ, ಒಂದು ಶನಿವಾರ, ಒಪ್ಪೊತ್ತಿನ ಊಟ ಮುಗಿಸಿ ಒರಗಿದವಳು. ಕೂಗಿದರೆ ಮಾತಿಲ್ಲ. ನಾನು ಓಡಿಹೋಗಿ ಮಣಿಕಟ್ಟು ಹಿಡಿದೆ. ಬಡಿಯುತ್ತಿತ್ತು. ಇದೆ, ಇದೆ ಎಂದು ಎಲ್ಲರಿಗೂ ಕೂಗಿ ಹೇಳಿದೆ. ಆಮೇಲೆ ನೋಡಿಕೊಂಡರೆ ಇಟ್ಟದ್ದು ಹೆಬ್ಬೆರಳು.

ಮೊನ್ನೆ ಹಾಲಿನ ಪಾತ್ರೆ ಕೆಳಗಿಳಿಸಿ ಪಕ್ಕದ ಮನೆಗೆ ಹೋದೆ. ಹುಡುಗನ ರೆಪ್ಪೆ ಎಳೆದು ನೋಡಿದೆ. ಕಣ್ಣು ನಿಜವಾಗಿ ಹಳದಿಯಾಗಿತ್ತು, ಅವನದು ಕಾಮಾಲೆಯೇ. ಸೊಪ್ಪು ಹಾಗಿರಲಿ, ಮೊದಲು ಆಸ್ಪತ್ರೆಗೆ ಕರ್ಕೊಂಡ್ ಹೋಗು ಮಾರಾಯ್ತಿ, ಬಂದ ಮೇಲೆ ಅವರು ಹೇಳಿದ್ದನ್ನು ನನಗೆ ಹೇಳು ಎಂದೆ. ಸಂಜೆ ಬಂದಳು. ಹೇಳಿದಳು. ಒಂದು ಕಡೆ ತಡವರಿಸಿದಳು, ಫೋನ್ ಮಾಡಿ ಕೇಳಿ ಮತ್ತೊಮ್ಮೆ ಹೇಳಿದಳು. ಈ ಅಜ್ಜಿಗೆ ಮೇಷ್ಟ್ರ ಬುದ್ಧಿ ಇನ್ನೂ ಹೋಗಿಲ್ಲ ಎಂದು ಸೊಸೆ ನಕ್ಕಳು.

ನನ್ನದೂ ಈಗ ಬೆಳಿಗ್ಗೆ ಒಂದು ಮಾತ್ರೆ ಇದೆ. ನುಂಗುವ ಮುಂಚೆ ಮೂರು ಬೆರಳಿಟ್ಟು ಎಣಿಸುತ್ತೇನೆ. ಯಾವ ಮಾತ್ರೆ, ಯಾವ ಹೊತ್ತು, ಯಾಕೆ ಎಂದು ಬಾಯಿಬಿಟ್ಟು ಹೇಳುತ್ತೇನೆ, ಎದುರಿಗೆ ಯಾರೋ ಕೂತು ಕೇಳುತ್ತಿರುವ ಹಾಗೆ. ನರ್ಸಮ್ಮ ಈಗ ಬದುಕಿರಲಾರರು. ಅವರ ಹೆಸರು ಹೇಳಿ ಒಂದು ದೀಪ ಹಚ್ಚೋಣವೆಂದರೆ, ಹೆಸರು ಗೊತ್ತಿಲ್ಲ.